ಕೈಚಳಕದವರನ್ನು ಹುಡುಕಿದ ಕಲ್ಲೇಶಿ

ಬನ್ನಿ, ಹತ್ರ ಕೂತ್ಕೊಳ್ಳಿ. ನಗು ಬಂದ್ರೆ ನಗಿ. ಆದ್ರೆ ಓಂಕಾರಮ್ಮ ಈ ಕಡೆ ಬಂದ್ರೆ ಮಾತ್ರ ಬಾಯಿ ಮುಚ್ಕೊಳ್ಳಿ. ಪಾಪ, ಹೆತ್ತ ಹೊಟ್ಟೆ.

ಅರಸೀಕೆರೆಯಲ್ಲಿ ಓಂಕಾರಮ್ಮ ಅಂತ ಒಬ್ಬಳು, ಮದುವೆ ಮನೆಗಳಿಗೆ ಅಡುಗೆಗೆ ಹೋಗೋಳು. ಅವಳಿಗೆ ಒಬ್ಬನೇ ಮಗ, ಕಲ್ಲೇಶಿ. "ಹಾಲು ನೋಡ್ಕೊಳ್ಳೋ" ಅಂದ್ರೆ, ಹಾಲು ಉಕ್ಕಿ ಒಲೆ ಆರೋವರೆಗೂ ನೋಡೋನು. "ಅವ್ವಾ, ಚೆನ್ನಾಗಿ ನೋಡ್ದೆ!" ಅನ್ನೋನು. ಓಂಕಾರಮ್ಮ ಹಣೆ ಚಚ್ಚಿಕೊಳ್ಳೋಳು.

ಇಂಥೋನಿಗೂ ಕೆಲಸ ಸಿಕ್ತು ನೋಡಿ! ಕೊಬ್ಬರಿ ಮಂಡಿ ಹಿಂದೆ ತ್ರಿವೇಣಿ ಮೇಡಂ ಒಂದು ಸಾಫ್ಟ್‌ವೇರ್ ಆಫೀಸು ತೆಗೆದಿದ್ರು. ಟೀ ತರೋದು, ಬಾಗಿಲು ತೆಗೆದು ಹಾಕೋದು ಕಲ್ಲೇಶಿ ಕೆಲಸ. ಆಫೀಸಿನ ತುಂಬ ಕುರ್ಚಿ, ಕುರ್ಚಿ ಮುಂದೆ ಕಂಪ್ಯೂಟರು. ಕೂರೋರೇ ಇಲ್ಲ! ಕೆಲಸ ಬಲ್ಲೋರನ್ನೆಲ್ಲ ದೊಡ್ಡ ಕಂಪನಿಗಳು ಎಳ್ಕೊಂಡು ಹೋಗಿದ್ವು. ಹೊಸದಾಗಿ ಬಂದೋರು ಸರ್ಟಿಫಿಕೇಟು ಹರಡಿಕೊಂಡು ಕೂರೋರು. "ಎಲ್ಲಿ, ಒಂದು ಪ್ರೋಗ್ರಾಂ ಬರೀರಿ" ಅಂದ್ರೆ ಬೆವರು ಒರೆಸ್ಕೊಳ್ಳೋರು. ಉಳಿದೋನು ನಿರಂಜನ ಒಬ್ಬನೇ. ಮಂಡಿ ಹರಾಜನ್ನ ಕಂಪ್ಯೂಟರಿಗೆ ಹತ್ತಿಸ್ತೀವಿ ಅಂತ ಮೇಡಂ ಒಪ್ಕೊಂಡಾಗಿತ್ತು. ಮುಗೀದಿದ್ರೆ ಆಫೀಸೇ ಮುಚ್ಚಬೇಕು!

ಒಂದಿನ ಮೇಡಂ ರೇಗಿ ಕೂಗಿದ್ರು: "ಎಲ್ಲಿಂದಾದ್ರೂ ಸರಿ, ಕೈಚಳಕ ಇರೋನೊಬ್ಬನ್ನ ಕರ್ಕೊಂಡು ಬನ್ರೋ!"

ಕಲ್ಲೇಶಿ ಎದ್ದ. ನೆಟ್ಟಗೆ ರೈಲ್ವೆ ಸ್ಟೇಷನ್‌ಗೆ ನಡೆದ. ಅಲ್ಲೊಬ್ಬ, ಮುಂದಿದ್ದೋನ ಜೇಬಿಂದ ಪರ್ಸು ತೆಗೀತಿದ್ದ. ಬೆಣ್ಣೆಯಿಂದ ಕೂದಲು ತೆಗೆದಷ್ಟು ನಾಜೂಕು!

"ಅಣ್ಣಾ, ಏನ್ ಕೈಚಳಕ ನಿಂದು! ಬಾ, ಕೆಲಸ ಖಾಲಿ ಇದೆ!"

ಅವನು ಪರ್ಸು ಬೆನ್ನ ಹಿಂದೆ ಬಚ್ಚಿಟ್ಟ. "ಪೊಲೀಸಾ?"

"ಅಲ್ಲಣ್ಣ, ಸಾಫ್ಟ್‌ವೇರು!"

ಬಂದ. ಕೂತ. ಟೀ ಕುಡಿದ. ಕೈ ತೊಳ್ಕೊಂಡು ಬರ್ತೀನಿ ಅಂತ ಎದ್ದು ಹೋದ. ಮೇಡಂ ಫೋನು ಇಲ್ಲ! ನಿರಂಜನನ ಗಡಿಯಾರ ಇಲ್ಲ! ಟೀ ಲೋಟಾನೂ ಇಲ್ಲ!

ಓಂಕಾರಮ್ಮ ಕೇಳಿ ಹೌಹಾರಿದಳು. "ಅಯ್ಯಯ್ಯೋ! ಕಳ್ಳನ್ನ ಕರೆದು ಕುರ್ಚಿ ಹಾಕಿದ್ಯಾ! ಕೈ ನೋಡೋದಲ್ಲ ಕಣ್ಲಾ, ಭಾಷೆ ನೋಡ್ಬೇಕು! ಕಂಪ್ಯೂಟರ್‌ನೋರಿಗೆ ಏಳೆಂಟು ಭಾಷೆ ಬರುತ್ತಂತೆ!"

"ಆಯ್ತವ್ವಾ."

ಮತ್ತೆ ಸ್ಟೇಷನ್. ಅಲ್ಲಿ ರೈಲಿಂದ ಇಳಿದಳು ಸ್ಟೀಲ್ ಡಬ್ಬಿ ಮಾರೋ ಶಕೀಲಾಬಿ. ಒಬ್ಬರ ಹತ್ರ ತಮಿಳು, ಇನ್ನೊಬ್ಬರ ಹತ್ರ ತೆಲುಗು, ಟಿಕೆಟ್ ಕೇಳಿದೋರ ಹತ್ರ ಮರಾಠಿ! ಕಲ್ಲೇಶಿ ಕೈ ಮುಗಿದು ಕರ್ಕೊಂಡು ಬಂದ.

"ಯಾವ್ಯಾವ ಲಾಂಗ್ವೇಜ್ ಗೊತ್ತು?" ಮೇಡಂ ತಲೆ ಎತ್ತದೇ ಕೇಳಿದ್ರು.

"ಎಲ್ಲಾ ಗೊತ್ತಕ್ಕಾ! ಬೈಯೋಕೆ ಅಂದ್ರೆ ಇನ್ನೂ ಎರಡು ಜಾಸ್ತಿ!"

ಮೇಡಂ ತಲೆ ಎತ್ತಿದ್ರು. ಅಷ್ಟರಲ್ಲಿ ಡಬ್ಬಿಗಳು ಮೇಜಿನ ಮೇಲೆ ಹರಡಿದ್ವು. ಮಧ್ಯಾಹ್ನದೊಳಗೆ ಮೇಡಂ ಒಂದು ಸೆಟ್ಟು ಕೊಂಡೂ ಆಗಿತ್ತು!

"ದೇವ್ರೇ!" ಅಂದಳು ಓಂಕಾರಮ್ಮ. "ಡಬ್ಬಿ ಮಾರೋಳಾ! ಮಾತಾಡೋರಲ್ಲ ಕಣ್ಲಾ ಬೇಕಾಗಿರೋದು! ತುಟಿ ಪಿಟಕ್ ಅನ್ನದೆ, ಕೂತ ಜಾಗ ಕದಲದೆ, ರೆಪ್ಪೆ ಹೊಡೀದೆ ಕಂಪ್ಯೂಟರನ್ನೇ ನೋಡ್ತಾ ಕೂರ್ತಾರಲ್ಲ, ಅಂಥೋರು!"

"ಆಯ್ತವ್ವಾ."

ಅಂಥೋನು ಸಿಕ್ಕೇಬಿಟ್ಟ, ಬಟ್ಟೆ ಅಂಗಡಿ ಬಾಗಿಲಲ್ಲಿ! ಇಸ್ತ್ರಿ ಮಾಡಿದ ಷರ್ಟು, ಪ್ಯಾಂಟು. ಕಲ್ಲೇಶಿ ಎಷ್ಟೊತ್ತು ನೋಡಿದ್ರೂ ರೆಪ್ಪೆ ಹೊಡೀಲಿಲ್ಲ. "ಇವ್ರನ್ನ ಕರ್ಕೊಂಡು ಹೋಗ್ಲಾ?" ಅಂದ. ಅಂಗಡಿಯೋನು ಯಾರಿಗೋ ಸೀರೆ ಬಿಡಿಸ್ತಾ "ಹ್ಞೂಂ, ಹ್ಞೂಂ" ಅಂದ. ಕಲ್ಲೇಶಿ ಹೊತ್ಕೊಂಡು ಬಂದು ಕಂಪ್ಯೂಟರ್ ಮುಂದೆ ಬಗ್ಗಿಸಿ ಕೂರಿಸಿದ.

ಆವತ್ತೇ ಬರಬೇಕೇ ಮಂಡಿ ಅಧ್ಯಕ್ಷರು!

"ಆಹಾ!" ಅಂದ್ರು ಅಧ್ಯಕ್ಷರು. "ನಾನು ಬಂದು ಇಷ್ಟೊತ್ತಾಯ್ತು, ತಲೆ ಎತ್ತಿಲ್ಲ ನೋಡಿ! ಇಂಥ ಕೆಲಸಗಾರ ಈ ಕಾಲದಲ್ಲಿ ಎಲ್ಲಿ ಸಿಗ್ತಾನೆ? ಶಭಾಷ್!" ಅಂತ ಬೆನ್ನು ತಟ್ಟಿದ್ರು.

ಟಪ್! ತಲೆ ಕಳಚಿ ಅಧ್ಯಕ್ಷರ ಕಾಲ ಹತ್ರ ಉರುಳಿತು.

ಅಧ್ಯಕ್ಷರು ಕಿರುಚಿದ ಸದ್ದಿಗೆ ಮಂಡಿಯ ಹಮಾಲರೆಲ್ಲ ಓಡಿ ಬಂದ್ರು! ಮೂರ್ಛೆ ಬಿದ್ದ ಅಧ್ಯಕ್ಷರನ್ನ ನೀರು ಚಿಮುಕಿಸಿ ಎಬ್ಬಿಸಬೇಕಾಯ್ತು!

"ಗೊಂಬೆನಾ!" ಓಂಕಾರಮ್ಮ ಕುಸಿದು ಕೂತಳು. "ಗೊಂಬೆ ತಂದು ಕೂರಿಸಿದ್ಯಾ! ಹೊಸಬರ ತಂಟೆಗೇ ಹೋಗ್ಬೇಡ! ಇರೋ ನಿರಂಜನಪ್ಪ ಒಬ್ಬ ಬಿಟ್ಟು ಹೋಗದಂಗೆ ನೋಡ್ಕೋ, ಸಾಕು!"

"ಆಯ್ತವ್ವಾ."

ನಿರಂಜನನ ಮದುವೆ ಬಂತು. ಛತ್ರದಲ್ಲಿ ಓಂಕಾರಮ್ಮನದೇ ಅಡುಗೆ. ಮದುವೆ ದಿನ ಬೆಳಿಗ್ಗೇನೇ ಮಂಡಿ ಕಂಪ್ಯೂಟರು ನಿಂತುಹೋಗಬೇಕೇ! ಸರಿಮಾಡೋಕೆ ಊರಲ್ಲಿ ಇನ್ಯಾರಿದ್ದಾರೆ? ಫೋನು, ಪೇಟ ಎಲ್ಲಾ ಛತ್ರದಲ್ಲೇ ಬಿಟ್ಟು, ಯಾರಿಗೂ ಹೇಳದೆ, ರೇಷ್ಮೆ ಪಂಚೆಯಲ್ಲೇ ಗಂಡು ಆಫೀಸಿಗೆ ಓಡಿ ಬಂದ. ಕೂತು ಸರಿಮಾಡಿದ. ಎದ್ದ.

"ಕಲ್ಲೇಶಿ, ನಾನು ಹೊರಟೆ!"

ಹೊರಟೆ! ಕೆಲಸಾನೇ ಬಿಟ್ಟು ಹೊರಟ ಅಂದ್ಕೊಂಡ ಕಲ್ಲೇಶಿ. ಒಂದೇ ನೆಗೆತಕ್ಕೆ ಆಚೆ ಹಾರಿ, ಬಾಗಿಲೆಳೆದು ಬೀಗ ಜಡಿದ! ಒಳಗಿಂದ ನಿರಂಜನ ದಬದಬ ಬಡಿದ. "ತೆಗಿಯೋ! ನನ್ನ ಮದುವೆ ಕಣೋ!" ಕಲ್ಲೇಶಿ ಮೆಟ್ಟಿಲ ಮೇಲೆ ಕಾವಲು ಕೂತ.

ಓಂಕಾರಮ್ಮನ ಫೋನು ಬಂತು. "ಗಂಡು ಎಲ್ಲೋ?"

"ಬಿಟ್ಟು ಹೋಗದಂಗೆ ಬೀಗ ಹಾಕಿದೀನವ್ವಾ!"

"ಅಯ್ಯೋ ಪಾಪಿ! ಮುಹೂರ್ತ ಮೀರ್ತಾ ಇದೆ! ಹಸೆಮಣೆ ಖಾಲಿ ಬಿದ್ದಿದೆ! ನೀನು ಬಂದು ಕೂತ್ಕೋತೀಯೇನೋ?"

"ಬಂದೆ ಅವ್ವಾ!"

ಬಂದೇಬಿಟ್ಟ! ಜನವೆಲ್ಲ ಗಂಡನ್ನ ಹುಡುಕ್ತಾ ಬೀದೀಲಿದ್ರು. ಪುರೋಹಿತರಿಗೆ ಕಣ್ಣು ಮಂಜು. ಮಣೆ ಪಕ್ಕ ಇದ್ದ ಪೇಟ, ಬಾಸಿಂಗ ಕಟ್ಕೊಂಡು ಕಲ್ಲೇಶಿ ಕೂತ. "ಗಂಡು ಬಂತು, ಓಲಗ ಊದ್ರಯ್ಯಾ!" ಅಂದ್ರು ಪುರೋಹಿತರು. ಹೆಣ್ಣನ್ನ ತಂದು ನಿಲ್ಲಿಸಿದ್ರು. ಅಂತರಪಟ ಸರೀತು.

ಹುಡುಗಿ ತಲೆ ಎತ್ತಿದಳು. ಕಿಟಾರನೆ ಕಿರುಚಿದಳು!

ಓಲಗ ನಿಂತಿತು. ತ್ರಿವೇಣಿ ಮೇಡಂ ಕೈಲಿದ್ದ ಅಕ್ಷತೆ ಅಷ್ಟೂ ಕೆಳಗೆ ಬಿತ್ತು. ಸಾರಿನ ಸೌಟು ಹಿಡಿದೇ ಓಡಿ ಬಂದ ಓಂಕಾರಮ್ಮ, ಮಗನ್ನ ನೋಡಿ ಕಲ್ಲಾದಳು. ಓಡಿ ಬಂದಿದ್ದಕ್ಕೆ ಏದುಸಿರು ಬೇರೆ. ಆಫೀಸಿನ ಬೀಗದ ಕೈ ಕೊಡು ಅನ್ನೋಕೆ ಹೋಗಿ, ಬಂದಷ್ಟು ಕೂಗಿದಳು:

"ಏಳೋ! ಕೈ ಕೊಡೋ! ಬೇಗ ಕೈ ಕೊಡೋ!"

"ಆಯ್ತವ್ವಾ," ಅಂದ ಕಲ್ಲೇಶಿ. ಎದ್ದ. ಪಂಚೆ ಸರಿಮಾಡ್ಕೊಂಡ. ಹುಡುಗಿಯ ಮುಂದೆ ಕೈ ಚಾಚಿದ.