ಹುಣಸೆಕೇರಿಯ ಹನ್ನೊಂದು ಅಮ್ಮಂದಿರು

"ಮಹಾಪ್ರಭು, ಈ ರಾಜ್ಯದಲ್ಲಿ ಚೆಂಡು ಒದೆಯೋ ಕಾಲು ಎಲ್ಲೇ ಇರಲಿ, ಅದು ನನ್ನದು!" ಎಂದು ಸಾಹುಕಾರ ಅಡಿವೆಪ್ಪ ತುಂಬಿದ ಆಸ್ಥಾನದಲ್ಲಿ ಹೊಟ್ಟೆ ನೀವಿಕೊಂಡ.

ಸುಳ್ಳೇನಲ್ಲ. ಕೆಂಗಲದುರ್ಗದಲ್ಲಿ ಕಾಲ್ಚೆಂಡಾಟ ಎಂದರೆ ಜನ ಊಟ ಬಿಟ್ಟು ಓಡುತ್ತಿದ್ದರು. ಯಾವ ಕೇರಿಯ ಹುಡುಗ ಚೆನ್ನಾಗಿ ಆಡಿದರೂ ಮಾರನೆಯ ದಿನ ಅವನು ಅಡಿವೆಪ್ಪನ ತಂಡದಲ್ಲಿ. ಅರ್ಧ ಜನರನ್ನು ಆತ ಆಡಿಸುತ್ತಲೇ ಇರಲಿಲ್ಲ. ಅವರು ನೆರಳಲ್ಲಿ ಕೂತು ಕಡಲೆಕಾಯಿ ತಿನ್ನುತ್ತಿದ್ದರು. ಬೇರೆಯವರಿಗೆ ಸಿಗಬಾರದು, ಅಷ್ಟೇ. ಆಡುವವರ ಬೆನ್ನ ಮೇಲೆಲ್ಲ 'ಅಡಿವೆಪ್ಪನವರ ಎಳ್ಳೆಣ್ಣೆ' ಎಂದು ಬರೆಸಿದ್ದ.

"ನಾಳೆ ಹುಣಸೆಕೇರಿಯವರ ಮೇಲೆ ಆಟ. ಗೆದ್ದರೆ ಅವರ ಬಯಲು ನನಗೆ ಬೇಕು. ಅಂಗಡಿ ಸಾಲು ಕಟ್ಟಿಸ್ತೀನಿ."

"ಆಗಲಿ," ಎಂದ ದೊರೆ. ಅವನ ಉಯ್ಯಾಲೆಗೆ ಬೆಳ್ಳಿ ಸರಪಳಿ ಹಾಕಿಸಿಕೊಟ್ಟವನು ಅಡಿವೆಪ್ಪನೇ. ಇನ್ನೇನು ಹೇಳಿಯಾನು?

ದೊರೆಗೆ ವೀಳ್ಯ ಮಡಿಸುತ್ತಿದ್ದ ಚಿಕ್ಕತಾಯಿಯ ಕೈ ನಿಂತಿತು. ಅವಳು ಹುಣಸೆಕೇರಿಯ ಸೊಸೆ. ಆ ಬಯಲು ಹೋದರೆ ಕೇರಿಯ ಮಕ್ಕಳಿಗೆ ಓಡಿಯಾಡಲು ಉಳಿಯುವುದು ಚರಂಡಿಯ ಅಂಚು ಮಾತ್ರ. ಅದೂ ಅಲ್ಲದೆ, ಕೇರಿಯ ಹನ್ನೊಂದು ಆಟಗಾರರನ್ನೂ ಅಡಿವೆಪ್ಪ ಅಂದು ಬೆಳಿಗ್ಗೆಯೇ ಕೊಂಡುಬಿಟ್ಟಿದ್ದ.

"ಪ್ರಭು, ಒಂದು ಮಾತು," ಎಂದಳು. "ಹುಣಸೆಕೇರಿ ಪರವಾಗಿ ಯಾರು ಆಡಬಹುದು?"

"ಆ ಕೇರಿಯ ಬಾವಿ ನೀರು ಕುಡಿದವರು ಯಾರಾದರೂ ಆಡಲಿ."

ಅಡಿವೆಪ್ಪ ಹೋ ಎಂದು ನಕ್ಕ. "ಅಲ್ಲಿ ಇನ್ನು ಉಳಿದಿರೋದು ಮುದುಕಿಯರು ಕಣಮ್ಮ! ಅವರನ್ನೇ ಕರ್ಕೊಂಡು ಬಾ. ನಿಮ್ಮ ಹುಡುಗರ ಕೈಲೇ ನಿಮ್ಮನ್ನ ಸೋಲಿಸ್ತೀನಿ."

"ನೀವು ಹೇಳಿದ ಮೇಲೆ ಮೀರೋದುಂಟೇ?" ಎಂದು ಚಿಕ್ಕತಾಯಿ ವೀಳ್ಯ ಮಡಿಸಿದಳು.

ಮರುದಿನ ಬಯಲಿಗೆ ಇಳಿದವರನ್ನು ನೋಡಿ ಜನ ಬಾಯಿ ಬಿಟ್ಟರು. ಸೀರೆ ಎತ್ತಿ ಕಚ್ಚೆ ಕಟ್ಟಿದ ಹನ್ನೊಂದು ಹೆಂಗಸರು! ಹತ್ತು ಜನ ಆ ಆಟಗಾರರನ್ನು ಹೆತ್ತವರು. ಹನ್ನೊಂದನೆಯ ಹುಡುಗನ ತಾಯಿಗೆ ಮಂಡಿನೋವು. ಅವಳ ಬದಲು ಯಾರೋ ಮುದುಕಿ ತಲೆ ತುಂಬ ಸೆರಗು ಹೊದ್ದು ಗೋಲಿನಲ್ಲಿ ನಿಂತಿದ್ದಳು.

ಆಟ ಶುರುವಾಯಿತು. ಅಡಿವೆಪ್ಪನ ಮುಂಚೂಣಿ ಆಟಗಾರ ಮಾರುತಿ ಚೆಂಡಿನೊಂದಿಗೆ ಬಾಣದ ಹಾಗೆ ನುಗ್ಗಿದ. ಎದುರಿಗೆ ಅವನ ತಾಯಿ ಕೆಂಚಮ್ಮ, ಸೊಂಟದ ಮೇಲೆ ಕೈ.

"ಎಲ್ಲಿಗೋ ಓಡ್ತೀಯ? ಬೆಳಿಗ್ಗೆ ಗಂಜಿ ಕುಡಿದೆಯೇನೋ?"

"ಅಮ್ಮಾ, ಜರುಗು!"

ಕೆಂಚಮ್ಮ ಜರುಗಲಿಲ್ಲ. ಮಾರುತಿಯ ಕಾಲು ಅವಳ ಕಾಲಿಗೆ ತಗುಲಿತು. ಅಯ್ಯೋ, ಹೆತ್ತವಳಿಗೆ ಕಾಲು! ಹುಡುಗ ಚೆಂಡು ಬಿಟ್ಟು ಬಗ್ಗಿ, ಅವಳ ಪಾದ ಮುಟ್ಟಿ ಕಣ್ಣಿಗೊತ್ತಿಕೊಂಡ. ಅವನು ತಲೆ ಎತ್ತುವಷ್ಟರಲ್ಲಿ ಕೆಂಚಮ್ಮ ಚೆಂಡನ್ನು ಆಚೆಗೆ ಒದ್ದಾಗಿತ್ತು.

ಅಲ್ಲಿಂದ ಮುಂದೆ ಬಯಲ ತುಂಬ ಇದೇ. ಒಬ್ಬ ಇಲ್ಲಿ ಬಗ್ಗಿದ, ಇನ್ನೊಬ್ಬ ಅಲ್ಲಿ. ಒಬ್ಬನಂತೂ ಪಕ್ಕದ ಮನೆ ದೊಡ್ಡಮ್ಮನ ಕಾಲಿಗೆ ಬಿದ್ದು ಏಳಲೇ ಇಲ್ಲ; ಅವಳು ಮದುವೆಯ ಮಾತು ತೆಗೆದಿದ್ದಳು. ಅಷ್ಟರಲ್ಲಿ ಅಮ್ಮಂದಿರು ಮೂರು ಗೋಲು ಹೊಡೆದರು.

"ಒದೀರೋ! ಕಾಸು ಕೊಟ್ಟಿದೀನಿ!" ಎಂದು ಅಡಿವೆಪ್ಪ ಕಿರುಚಿದ.

"ನೀವೇ ಬಂದು ನಿಮ್ಮಮ್ಮನಿಗೆ ಒದ್ದು ತೋರಿಸಿ ಧಣಿ," ಎಂದ ಮಾರುತಿ, ಮೂರನೆಯ ಸಲ ಬಗ್ಗುತ್ತ.

ಅಡಿವೆಪ್ಪ ಪಂಚೆ ಎತ್ತಿ ಕಟ್ಟಿ ಬಯಲಿಗೇ ನುಗ್ಗಿದ. ಹುಣಸೆಕೇರಿಯ ಗೋಲಿನ ಪಕ್ಕ ನಿಂತಿದ್ದ ಚಿಕ್ಕತಾಯಿಯ ಮುಂದೆ ಬಂದು ಏದುಸಿರು ಬಿಟ್ಟ.

"ಇವರ ಬೆಲೆ ಎಷ್ಟು ಹೇಳು! ಈಗಲೇ ಹನ್ನೊಂದು ಜನರನ್ನೂ ಕೊಳ್ತೀನಿ!"

"ಹತ್ತು ಜನರದ್ದು ಆಮೇಲೆ ಮಾತಾಡೋಣ ಸಾಹುಕಾರರೇ," ಎಂದಳು ಚಿಕ್ಕತಾಯಿ. "ಮೊದಲು ಗೋಲು ಕಾಯೋ ಅಜ್ಜಿಗೆ ನೀವೇ ಒಂದು ಬೆಲೆ ಕಟ್ಟಿ."

ಮುದುಕಿ ಸೆರಗು ಸರಿಸಿದಳು. ಅಡಿವೆಪ್ಪ ಎತ್ತಿ ಕಟ್ಟಿದ್ದ ಪಂಚೆಯನ್ನು ಸರಕ್ಕನೆ ಇಳಿಬಿಟ್ಟ.

"ಅಮ್ಮಾ... ನೀನಾ?"

"ನಾನೇ ಕಣೋ. ಇದು ನನ್ನ ತವರಿನ ಬಯಲು. ಚಿಕ್ಕತಾಯಿ ಬಂದು ಹೇಳದಿದ್ದರೆ ನನಗೆ ಗೊತ್ತೇ ಆಗ್ತಿರಲಿಲ್ಲ. ಹೇಳು, ನನಗೆಷ್ಟು ಕೊಡ್ತೀಯ?" ಎನ್ನುತ್ತ ಮಗನ ಕಿವಿ ಹಿಡಿದಳು.

ಬಯಲಂಚಿನಲ್ಲಿ ಕೂತು ಆಟ ನೋಡುತ್ತಿದ್ದ ದೊರೆ ನಕ್ಕು ನಕ್ಕು ಪೀಠದಿಂದ ಜಾರಿದ. "ಬಯಲು ಕೇರಿಗೇ ಇರಲಿ! ಚಿಕ್ಕತಾಯಿ, ನಿನಗೇನು ಬೇಕೋ ಕೇಳು!"

"ನನ್ನದು ಆಮೇಲೆ ನೋಡೋಣ ಪ್ರಭು. ಮೊದಲು ಸಾಹುಕಾರರ ಕಿವಿ ಬಿಡಿಸಿ. ಕಾಲುಗಳೆಲ್ಲ ಕೊಂಡದ್ದು, ಅದು ಮಾತ್ರ ಅವರ ಸ್ವಂತದ್ದು!"