ಹಗ್ಗ ಯಾರ ಕೈಗೆ

ಕಡಲಿನ ತಳಕ್ಕೆ ಇಳಿಯುವವನಿಗೆ ಎರಡು ಜೀವ ಎಂದು ಆ ಹಡಗಿನ ಮುಳುಗುಗಾರರು ಹೇಳುತ್ತಿದ್ದರು. ಒಂದು ನೀರಿನೊಳಗೆ. ಇನ್ನೊಂದು, ಮೇಲೆ ನಿಂತು ಅವನ ಹಗ್ಗ ಹಿಡಿದವನ ಕೈಯೊಳಗೆ.

ಆದ್ದರಿಂದ ಅವರಲ್ಲಿ ಒಂದು ಕಟ್ಟಳೆಯಿತ್ತು. ಯಾರು ಇಳಿಯಬೇಕೆಂದು ಗುರು ಹೇಳುತ್ತಿದ್ದರು. ಹಗ್ಗ ಯಾರು ಹಿಡಿಯಬೇಕೆಂದು ಇಳಿಯುವವನೇ ಹೇಳಬೇಕು.

ಗುರುವಿನ ಹೆಸರು ಇನಾಸ್. ನೌಕಾಪಡೆಯ ವಾಡಿಕೆಯಂತೆ ಎಲ್ಲರೂ ಅವರನ್ನು ಉಸ್ತಾದ್ ಎನ್ನುತ್ತಿದ್ದರು. ತಲೆ ನರೆತಿತ್ತು, ಬೆನ್ನು ಬಾಗಿರಲಿಲ್ಲ, ಮಾತು ಮಿತ.

ಅವರ ಶಿಷ್ಯರಲ್ಲಿ ದಾಮೋದರ ಖಾರ್ವಿ ಎಂಬವನು ಗಂಗೊಳ್ಳಿಯವನು. ನಡೆಯುವ ಮುಂಚೆ ಈಜಿದವನು. ಶರಣಪ್ಪ ಯಾದಗಿರಿ ಕಡೆಯವನು. ನೌಕಾಪಡೆಗೆ ಸೇರುವವರೆಗೂ ಕಡಲನ್ನು ಕಂಡವನಲ್ಲ, ಈಜು ಕಲಿತದ್ದು ಹೊಲದ ಬಾವಿಯಲ್ಲಿ.

ಉಸ್ತಾದ್ ಇಳಿಸುತ್ತಿದ್ದದ್ದು ಹೆಚ್ಚಾಗಿ ಶರಣಪ್ಪನನ್ನು. ಶರಣಪ್ಪ ಪ್ರತಿ ಸಲವೂ ಹೇಳುತ್ತಿದ್ದದ್ದು ಒಂದೇ ಹೆಸರು.

“ದಾಮು ಹಿಡೀಲಿ.”

ಬೇರೆಯವರಿಗೆ ಅದು ಮರ್ಯಾದೆಯಾಗಿ ಕಂಡೀತು. ದಾಮೋದರನಿಗೆ ಅದು ಅವಮಾನವಾಗಿ ಕಾಣುತ್ತಿತ್ತು.

ಒಂದು ದಿನ ಅವನು ಕೇಳಿಯೇ ಬಿಟ್ಟ. “ಉಸ್ತಾದ್, ಬಾವಿಯ ಕಪ್ಪೆ ಕಡಲಿಗೆ ಇಳೀತದೆ. ಕಡಲಿನ ಮೀನು ದಡದಲ್ಲಿ ಹಗ್ಗ ಹಿಡಿದು ಕೂತಿದೆ. ಇದು ಯಾವ ನ್ಯಾಯ?”

ಇನಾಸ್ ಹಗ್ಗದ ಸುರುಳಿಯನ್ನು ಅವನ ಕೈಗೆ ಕೊಟ್ಟರು. “ಒದ್ದೆಯಾಗಿದೆ. ಒಣಗಿಸು.”

ಅಷ್ಟೇ ಉತ್ತರ.

ಆ ದಿನಗಳಲ್ಲಿ ಹಡಗಿನ ಲಂಗರು ಸರಪಳಿ ಕಡಿದುಕೊಂಡು ತಳ ಸೇರಿತು. ನೌಕೆಗೆ ಅದಕ್ಕಿಂತ ನಾಚಿಕೆ ಬೇರೆಯಿಲ್ಲ. ಕತ್ತಲೆಯ ಕೆಸರಿನಲ್ಲಿ ಕೈಯಾಡಿಸಿ ಲಂಗರನ್ನು ಹುಡುಕಬೇಕು, ಅದರ ತುದಿಯ ಕಬ್ಬಿಣದ ಬಳೆಗೆ ಕೊಂಡಿ ಹಾಕಬೇಕು. ಹಾಕಿದವನನ್ನು ಆಳಮುಳುಗಿನ ದೊಡ್ಡ ತರಬೇತಿಗೆ ಕಳಿಸುವುದಾಗಿ ಕ್ಯಾಪ್ಟನ್ ಹೇಳಿದರು. ಜಾಗ ಒಂದೇ.

ಇಳಿಯಲು ಶರಣಪ್ಪನ ಹೆಸರು ಬಂತು.

ಇಳಿಯುವ ಹಿಂದಿನ ದಿನವೇ ಹಡಗು ನೋಡಲು ಊರಿನ ಜನರನ್ನು ಬಿಟ್ಟಿದ್ದರು. ಏಣಿಯ ಮೇಲೆ ಸಾಲು ಸಾಲು ಹೆಂಗಸರು, ಗಂಡಸರು, ಟೊಪ್ಪಿ ಹಾಕಿದ ಶಾಲೆಯ ಮಕ್ಕಳು. ಶರಣಪ್ಪ ಮುಳುಗು ಅಂಗಿ ತೊಟ್ಟು ನಿಂತ. ಮಕ್ಕಳು ಅವನ ಗಾಳಿಯ ಸಿಲಿಂಡರು ಮುಟ್ಟಿದರು, ದೊಡ್ಡವರು ಅವನ ಜೊತೆ ಫೋಟೊ ತೆಗೆಸಿಕೊಂಡರು. ದಾಮೋದರ ಪಕ್ಕದಲ್ಲಿ ಹಗ್ಗ ಹಿಡಿದು ನಿಂತಿದ್ದ. ಫೋಟೊದಲ್ಲಿ ಅವನ ಮೊಣಕೈ ಬಂದಿರಬಹುದು.

ಆ ಜನರ ನಡುವೆ ದಾಮೋದರನ ತಾಯಿಯೂ ಬಂದಳು.

“ಹೌದಾ ಮಗಾ, ನೀರಿಗೆ ಇಳೂದು ಇವ್ನಾ?”

“ಹೌದಮ್ಮ.”

“ಹಾಂಗಾರೆ ನೀ ಎಂತ ಮಾಡೂದು?”

“ಹಗ್ಗ ಹಿಡಿಯೂದು.”

ಅವಳು ಸ್ವಲ್ಪ ಯೋಚಿಸಿದಳು. “ನಮ್ಮನೆ ದನಕ್ಕೂ ಹಗ್ಗ ಇತ್ತಲ್ಲ. ಅದನ್ನ ಹಿಡೂಕೆ ಇಷ್ಟು ದೂರ ಬರ್ಕಿತ್ತಾ?”

ಸುತ್ತಲಿದ್ದವರು ನಕ್ಕರು. ಶರಣಪ್ಪನೂ ನಕ್ಕ. ಅವಳು ಮಗನಿಗೆಂದು ತಂದ ಒಣಸೀಗಡಿ ಚಟ್ನಿಯಲ್ಲಿ ಅರ್ಧವನ್ನು ಶರಣಪ್ಪನ ಕೈಗಿಟ್ಟಳು. “ತಳಕ್ಕೆ ಹೋಪವ್ನು, ಗಟ್ಟಿ ಉಣ್ಕು.”

ದಾಮೋದರ ಅಂದು ಊಟ ಮಾಡಲಿಲ್ಲ.

ಮಾರನೆಯ ಬೆಳಿಗ್ಗೆ ಶರಣಪ್ಪ ನೀರಿಗಿಳಿದ. “ದಾಮು ಹಿಡೀಲಿ” ಎಂದೇ ಇಳಿದ.

ಹಗ್ಗ ಜಾರುತ್ತ ಹೋಯಿತು, ನಿಂತಿತು. ತಳ ಮುಟ್ಟಿದೆ ಎಂದು ಕೆಳಗಿನಿಂದ ಒಂದು ಜಗ್ಗು ಬಂತು. ಆಮೇಲೆ ಹಗ್ಗ ಎಡಕ್ಕೆ ಹೋಯಿತು, ಬಲಕ್ಕೆ ಬಂತು. ಹುಡುಕುತ್ತಿದ್ದಾನೆ. ಆಮೇಲೆ ಹಗ್ಗ ಅಲುಗಲಿಲ್ಲ.

ಸಿಕ್ಕಿತು ಎಂದು ದಾಮೋದರನ ಬೆರಳಿಗೆ ತಿಳಿಯಿತು.

ಮೇಲಿನಿಂದ ನಾಲ್ಕು ಸಲ ಜಗ್ಗಿದರೆ, ಕೈಯಲ್ಲಿ ಏನಿದ್ದರೂ ಬಿಟ್ಟು ಮೇಲೆ ಬರಬೇಕು. ಏಕೆಂದು ಕೇಳಲು ತಳದಲ್ಲಿ ಬಾಯಿಲ್ಲ. ಒಮ್ಮೆ ಮೇಲೆ ಬಂದವನನ್ನು ಅಷ್ಟು ಆಳಕ್ಕೆ ಆ ದಿನ ಮತ್ತೆ ಇಳಿಸುವುದಿಲ್ಲ.

ದಾಮೋದರ ನಾಲ್ಕು ಸಲ ಜಗ್ಗಿದ.

ಶರಣಪ್ಪ ಕ್ರಮ ತಪ್ಪದೆ, ನಡುನಡುವೆ ನಿಂತು ನಿಂತು ಮೇಲೆ ಬಂದ. ಮುಖವಾಡ ತೆಗೆದವನೇ ಎಲ್ಲರ ಮುಖ ನೋಡಿದ.

“ಏನಾತು? ಯಾರಿಗೇನಾತು?”

“ಸೆಳೆತ ಜಾಸ್ತಿಯಾಗಿತ್ತು” ಎಂದ ದಾಮೋದರ. “ಹಗ್ಗದಲ್ಲಿ ಗೊತ್ತಾಯಿತು.”

“ಬಳೆ ಕೈಯಾಗ ಸಿಕ್ಕಿತ್ತು.” ಶರಣಪ್ಪ ತನ್ನ ಕೆಸರು ಕೈಯನ್ನು ನೋಡಿಕೊಂಡ. “ನೀ ಕರದ್ಯಲ್ಲ, ಬಿಟ್ಟು ಬಂದೆ.”

ಇನಾಸ್ ನೀರನ್ನು ನೋಡಿದರು. ಯಾರೋ ಎಸೆದ ಬಾಳೆಹಣ್ಣಿನ ಸಿಪ್ಪೆಯೊಂದು ಹಡಗಿನ ಪಕ್ಕದಲ್ಲೇ ತೇಲುತ್ತಿತ್ತು, ಬಿದ್ದಲ್ಲಿಂದ ಒಂದು ಮಾರು ದೂರವೂ ಹೋಗಿರಲಿಲ್ಲ.

ಮರುದಿನ ಇನಾಸ್ ಹೇಳಿದರು. “ದಾಮೋದರ ಇಳಿಯಲಿ.”

ದಾಮೋದರನಿಗೆ ತನ್ನ ಕಿವಿಯನ್ನೇ ನಂಬಲಾಗಲಿಲ್ಲ. ಅಂಗಿ ತೊಟ್ಟ, ಸೊಂಟಕ್ಕೆ ಭಾರ ಬಿಗಿದುಕೊಂಡ, ಅಂಚಿಗೆ ಬಂದು ಕೂತ. ಕಡಲು ಕಾಲ ಕೆಳಗೇ ಇತ್ತು.

“ಹಗ್ಗ ಯಾರ ಕೈಗೆ?” ಎಂದರು ಇನಾಸ್.

ದಾಮೋದರ ಸುತ್ತ ನಿಂತಿದ್ದವರನ್ನು ನೋಡಿದ.

ಕುರಿಯನ್ ಇದ್ದ. ಕುರಿಯನ್‌ಗೆ ಬಡ್ತಿ ಬಂದ ದಿನ ದಾಮೋದರ ಒಂದು ಒಳ್ಳೆಯ ಮಾತನ್ನೂ ಆಡಿರಲಿಲ್ಲ. ಧನಪಾಲ ಇದ್ದ. ಧನಪಾಲನಿಗೂ ಆ ತರಬೇತಿಯ ಮೇಲೆ ಕಣ್ಣು. ನಿನ್ನೆಯವರೆಗೆ ಇವರೆಲ್ಲ ಬರೀ ಜೊತೆಗಾರರು. ಇಂದು ಒಬ್ಬೊಬ್ಬರ ಕೈಯನ್ನೂ ನೋಡಿದರೆ ನಾಲ್ಕು ಜಗ್ಗು ಕಾಣುತ್ತಿತ್ತು.

“ನೀವೇ ಹಿಡೀರಿ, ಉಸ್ತಾದ್.”

“ನಾನು ಗಡಿಯಾರ ನೋಡಬೇಕು.”

“ಹಾಗಾದರೆ...”

“ಹೊತ್ತು ಹೋಗುತ್ತಿದೆ” ಎಂದರು ಇನಾಸ್. “ಇಳಿಯುವುದಾದರೆ ಹೆಸರು ಹೇಳು. ಇಲ್ಲವಾದರೆ ಅಂಗಿ ಬಿಚ್ಚು.”

ಅಂಗಿ ಬಿಚ್ಚಿದರೆ ಅದನ್ನು ತೊಡುವವನು ಯಾರೆಂದು ದಾಮೋದರನಿಗೆ ಗೊತ್ತಿತ್ತು. ಅವನು ಶರಣಪ್ಪನ ಕಡೆ ತಿರುಗಿದ. ಶರಣಪ್ಪ ಕೈಕಟ್ಟಿ ನಿಂತಿದ್ದ.

“ನಿನ್ನೆ ಸೆಳೆತ ಇರಲಿಲ್ಲ” ಎಂದ ದಾಮೋದರ.

“ಗೊತ್ತದ. ತಳದಾಗ ಇದ್ದಾವ ನಾನು.”

“ನಾನು ಸುಮ್ಮನೆ ಜಗ್ಗಿದೆ.”

“ಅದೂ ಗೊತ್ತದ.”

“ಸಿಟ್ಟು ಬಂದಿಲ್ವಾ ಮಾರಾಯ?”

“ಬಂದದ. ರಾತ್ರಿಯೆಲ್ಲ ನಿದ್ದಿಲ್ಲ. ಈಗೂ ನಿನ್ನ ಮಾರಿ ನೋಡಿದ್ರ ಮೈ ಉರೀತದ.” ಶರಣಪ್ಪ ಕಟ್ಟಿದ ಕೈ ಬಿಡಲಿಲ್ಲ. “ಚಟ್ನಿ ಕೊಟ್ಟ ನಿಮ್ಮವ್ವನ ಮಾರಿ ನೋಡಿ ನಿನ್ನ ಸುಮ್ನ ಬಿಟ್ಟೀನಿ.”

ಯಾರೂ ನಗಲಿಲ್ಲ.

ಉಳಿದವರ ಮನಸ್ಸಿನಲ್ಲಿ ಏನಿದೆಯೋ ದಾಮೋದರನಿಗೆ ತಿಳಿಯದು. ಶರಣಪ್ಪನೋ ಇದ್ದದ್ದನ್ನು ಎದುರಿಗೇ ಹೇಳಿದ್ದ. ದಾಮೋದರ ಹಗ್ಗದ ತುದಿಯನ್ನು ಕೈಗೆತ್ತಿಕೊಂಡ. ಅದನ್ನು ಮುಂದಕ್ಕೆ ಚಾಚಿದ.

“ಶರಣಪ್ಪ ಹಿಡೀಲಿ” ಎಂದ.

ಶರಣಪ್ಪ ಬಂದು ಹಗ್ಗ ತೆಗೆದುಕೊಂಡ. ಕಾಲು ಅಗಲಿಸಿ ನಿಂತ, ಹಗ್ಗವನ್ನು ಅಂಗೈಗೆ ಹಾಯಿಸಿಕೊಂಡ.

ಇನಾಸ್ ಬಾಗಿ ದಾಮೋದರನ ಮುಖವಾಡದ ಪಟ್ಟಿಯನ್ನು ಬಿಗಿಯತೊಡಗಿದರು. ಆಗ ದಾಮೋದರ ಅವರ ಮಣಿಕಟ್ಟು ಹಿಡಿದ.

“ಉಸ್ತಾದ್, ಅವನ ಸಿಟ್ಟು ಇಳಿದಿಲ್ಲ. ಬಳೆ ನನ್ನ ಕೈಗೆ ಸಿಕ್ಕಿದ ಹೊತ್ತಿಗೆ ಸುಮ್ಮನೆ ಜಗ್ಗಿದರೆ?”

ಇನಾಸ್ ಪಟ್ಟಿಯನ್ನು ಕೊನೆಯ ತೂತಿಗೆ ಎಳೆದು ಸರಿ ಮಾಡಿದರು.

“ಜಗ್ಗಿದರೆ, ನಿನ್ನೆ ಅವನು ಬಂದ ಹಾಗೆ ಬಳೆ ಬಿಟ್ಟು ಮೇಲೆ ಬಾ.”