ನರಿಯ ಕೊರಳ ಸರ

ಒಂದು ಕಾಡಿನಲ್ಲಿ ಹಾಳುಬಿದ್ದ ಕೋಟೆಯೊಂದಿತ್ತು. ಅದರ ನೆರಳಲ್ಲಿ ಪ್ರಾಣಿಗಳು ಬಿದರಿ ಪಾತ್ರೆ ಮಾಡುತ್ತಿದ್ದವು. ಕಪ್ಪು ಪಾತ್ರೆ, ಮೈತುಂಬ ಬೆಳ್ಳಿಯ ಹೂಬಳ್ಳಿ. ಆ ಕಾಡಿಗೆ ಹೆಸರು ಬಂದದ್ದೇ ಅದರಿಂದ.

ಅಲ್ಲಿನ ಹಿರಿಯ ಕಸಬುದಾರ ಚಿಪ್ಪುಹಂದಿ ಅಜ್ಜ. ಬಿಸಿಲು ಮಳೆ ಕಾಣದ ಕೋಟೆಯ ಮಣ್ಣನ್ನು ಅವನು ನಾಲಿಗೆಗೆ ಹಚ್ಚಿ, ರುಚಿ ನೋಡಿ ಆರಿಸುತ್ತಿದ್ದ. ಆ ಮಣ್ಣು ಕದಡಿದ ನೀರಲ್ಲಿ ಅದ್ದಿದರೆ ಪಾತ್ರೆಯ ಸತು ಕಪ್ಪಾಗುತ್ತಿತ್ತು, ಬೆಳ್ಳಿ ಬೆಳ್ಳಗೇ ಉಳಿಯುತ್ತಿತ್ತು. ಅಲ್ಲಿಯವರೆಗೆ ಯಾವುದು ಸತು, ಯಾವುದು ಬೆಳ್ಳಿ ಎಂದು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಹೂಬಳ್ಳಿ ಕೂರಿಸಲು ಬೆಳ್ಳಿಯ ತಂತಿ ಎಳೆದುಕೊಡುವ ನರಿಗೆ ಈ ಸಂಗತಿ ಬಹಳ ಹಿಡಿಸಿತ್ತು.

ಒಮ್ಮೆ ಆನೆಯಮ್ಮ ಮಗಳ ಮದುವೆಗೆಂದು ಹೂಜಿ ಮಾಡಿಸಲು ಬಂದಳು. ಬೆಳ್ಳಿಗೆ ತನ್ನ ಅಜ್ಜಿಯ ಕಾಲ್ಗಡಗವನ್ನೇ ಕೊಟ್ಟಳು. ನರಿ ಆ ಬೆಳ್ಳಿಯಿಂದ ತನಗೊಂದು ಸರ ಮಾಡಿಕೊಂಡು, ಅಜ್ಜನಿಗೆ ಸತುವಿನ ತಂತಿ ಕೊಟ್ಟಿತು. ಅಜ್ಜನ ಕಣ್ಣು ಮಂಜು. ಪಾಪ, ಅದನ್ನೇ ಬಡಿದು ಕೂರಿಸಿದ.

ಎಲ್ಲರೆದುರು ಹೂಜಿಯನ್ನು ಅದ್ದಿ ತೆಗೆದರು. ಅದು ಬಾಣಲೆಯ ತಳದ ಹಾಗೆ ಕಪ್ಪಗಿತ್ತು. ಒಂದು ಹೂವೂ ಕಾಣಲಿಲ್ಲ. ಆನೆಯಮ್ಮನ ಕಣ್ಣು ತುಂಬಿತು.

"ನಮ್ಮ ಅಜ್ಜಿ ನೆನಪಿಗೆ ಇದ್ದದ್ದು ಆ ಕಡಗ ಒಂದೇ" ಎಂದಳು.

"ಅಜ್ಜನ ನಾಲಿಗಿ ಕೆಟ್ಟದರಿ" ಎಂದಿತು ನರಿ. "ಎಂಥದೋ ಮಣ್ಣು ತಂದಾನ, ಬೆಳ್ಳೀನೂ ಕರ್ರಗಾಗ್ಯದ. ಇನ್ನ ಮ್ಯಾಲ ರುಚಿ ನಾನೇ ನೋಡ್ತೀನಿ."

ಅಜ್ಜ ಬಹಳ ನೊಂದುಕೊಂಡ. ಮತ್ತೊಮ್ಮೆ ಮಣ್ಣು ನೆಕ್ಕಿದ. ರುಚಿ ಸರಿಯಾಗಿಯೇ ಇತ್ತು. ಅಷ್ಟರಲ್ಲಿ ನರಿಯ ಕೊರಳಲ್ಲಿ ಏನೋ ಝಣ್ ಎಂದಿತು.

"ಕೊರಳಾಗ ಏನದ ತಮ್ಮಾ?"

"ಇದಾ? ಬಡವನ ಸತುವಿನ ಸರ ಅಜ್ಜಾ."

"ಛಲೋ ಆತು. ಸತುವಿಗೆ ಕಪ್ಪೇ ಚಂದ. ಅದ್ದು, ನೋಡೋಣು."

ಬೆಳ್ಳಿ ಎಂದರೆ ಕಳ್ಳತನ ಬಯಲು. ಸತು ಎಂದರೆ ಅದ್ದಬೇಕು. ನರಿ ಎರಡು ಹೆಜ್ಜೆ ಹಿಂದೆ ಸರಿಯಿತು.

"ನನಗ ನೆಗಡಿ ಆಗ್ಯದ ಅಜ್ಜಾ, ನೀರು ಆಗಂಗಿಲ್ಲ."

ಆನೆಯಮ್ಮ ಸುಮ್ಮನೆ ಸೊಂಡಿಲು ಚಾಚಿ, ನರಿಯನ್ನೇ ಎತ್ತಿ ಕೊರಳ ಮಟ್ಟ ಅದ್ದಿ ತೆಗೆದಳು. ನರಿ ಪೂರ್ತಿ ಕೆಸರಾಗಿತ್ತು. ಸರ ಮಾತ್ರ ಬೆಳ್ಳಗೆ ಹೊಳೆಯುತ್ತಿತ್ತು.

"ಮಣ್ಣೂ ಸರಿ ಅದ, ಅಜ್ಜನ ನಾಲಿಗೀನೂ ಸರಿ ಅದ" ಎಂದಳು ಆನೆಯಮ್ಮ. "ಸರ ನಮ್ಮ ಅಜ್ಜೀದು."

ಅಜ್ಜ ಕಪ್ಪು ತಂತಿ ಕಿತ್ತು, ಆ ಬೆಳ್ಳಿಯನ್ನೇ ಕೂರಿಸಿದ. ಮದುವೆಯ ದಿನ ಹೂಜಿಯ ಮೈತುಂಬ ಹೂವಿತ್ತು. ನರಿಗೆ ಕೋಟೆಯಿಂದ ಮಣ್ಣು ಹೊರುವ ಕೆಲಸ ಬಿತ್ತು. ರುಚಿ ನೋಡುವ ಆಸೆಯಿತ್ತಲ್ಲ, ದಿನಕ್ಕೊಂದು ಚಿಟಿಕೆ ಅಜ್ಜನೇ ಅದರ ನಾಲಿಗೆಗೆ ಹಚ್ಚುತ್ತಿದ್ದ.

ನೀತಿ: ತನ್ನ ಕಳ್ಳತನ ಮುಚ್ಚಲು ಬಲ್ಲವರ ಕಸಬನ್ನು ಹಳಿಯುವವನು ಆ ಕಸಬಿನಿಂದಲೇ ಸಿಕ್ಕಿಬೀಳುತ್ತಾನೆ.